ಹಳೇ ಎಂಎಕ್ಸ್-5: ಬ್ರೇಕ್, ಸಸ್ಪೆನ್ಷನ್ ಎರಡೂ ಕೆಲಸ ಕೇಳುತ್ತಿವೆ, ಎಲ್ಲಿಂದ ಶುರು ಮಾಡಲಿ?

ಪಾಪ್‌ಅಪ್ ಪ್ರೇಮಿ:
ಎಲ್ಲರಿಗೂ ನಮಸ್ಕಾರ. ಗಾಡಿ 1991ರ ಮಜ್ದಾ ಎಂಎಕ್ಸ್-5, ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು, 1.6 ಎಂಜಿನ್. ಹಿಂದಿನ ಮಾಲೀಕರು ಇದನ್ನು ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಲ್ಲಿಸಿದ್ದರು. ಎಂಜಿನ್, ಗೇರ್‌ಬಾಕ್ಸ್ ಬಗ್ಗೆ ದೂರಿಲ್ಲ. ತಾಪತ್ರಯ ಇರುವುದೆಲ್ಲ ಚಕ್ರಗಳ ಹತ್ತಿರ.

ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಪೆಡಲ್ ಅರ್ಧ ದೂರ ಹೋದ ಮೇಲೆ ಹಿಡಿಯುತ್ತದೆ. ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ ಇದೆ. ಸಣ್ಣ ಹಳ್ಳ ಸಿಕ್ಕರೂ ಮುಂದೆ 'ಟಕ್' ಅನ್ನುತ್ತದೆ. ತಿರುವಿನಲ್ಲಿ ಒಂದು ಸಲ ಓಲಾಡಿದರೆ ನಿಲ್ಲುವುದೇ ಇಲ್ಲ.

ಎಲ್ಲ ಒಂದೇ ಸಲ ಮುಗಿಸೋಣ ಅಂದುಕೊಂಡಿದ್ದೇನೆ. ಎತ್ತರ ಹೊಂದಿಸುವ ಕಾಯಿಲ್‌ಓವರ್ (ಶಾಕ್, ಸ್ಪ್ರಿಂಗ್ ಒಂದೇ ಜೋಡಣೆಯಲ್ಲಿ), ಪಾಲಿಯುರಿಥೇನ್ ಬುಷ್ ಸೆಟ್ (ಸಸ್ಪೆನ್ಷನ್ ಕೀಲುಗಳಿಗೆ ಹಾಕುವ ಗಟ್ಟಿ ಮೆತ್ತೆ), ತೂತಿರುವ ಡಿಸ್ಕ್, ಸ್ಟೀಲ್ ಹೆಣಿಗೆಯ ಬ್ರೇಕ್ ಹೋಸ್. ಆರ್ಡರ್ ಮಾಡುವ ಮುಂಚೆ ತಿಳಿದವರು ಏನನ್ನುತ್ತೀರಿ?

ಟರ್ಬೊ ತಮ್ಮ:
ಮಾಡಿ ಗುರು! ಹೇಗೂ ಬಿಚ್ಚುತ್ತೀರಲ್ಲ, ಎಲ್ಲ ಹೊಸದೇ ಹಾಕಿಬಿಡಿ. ನಾಲ್ಕು ಮೂಲೆಗೂ ಕಾಯಿಲ್‌ಓವರ್ ಹಾಕಿ ಕೆಳಗಿಳಿಸಿದರೆ ಗಾಡಿಯ ಗತ್ತೇ ಬೇರೆ.

ಸ್ಪ್ಯಾನರ್ ಸಿದ್ದ:
ಗತ್ತು ಆಮೇಲೆ. ಮೊದಲು ಗಾಡಿ ನೇರವಾಗಿ ನಿಲ್ಲಲಿ.

ಪ್ರೇಮಿ ಅವರೇ, ನಿಮ್ಮ ಪಟ್ಟಿಯಲ್ಲಿ ಇರುವುದೆಲ್ಲ ಸಾಮಾನು. ಏನು ಕೆಟ್ಟಿದೆ ಅನ್ನುವುದು ಒಂದೂ ಇಲ್ಲ. ಎಡಕ್ಕೆ ಎಳೆಯುವುದಕ್ಕೂ ಡಿಸ್ಕಿನ ತೂತಿಗೂ ಸಂಬಂಧವೇ ಇಲ್ಲ. ಒಂದೊಂದೇ ಲಕ್ಷಣಕ್ಕೆ ಕಾರಣ ಹುಡುಕಿ. ಆಮೇಲೂ ಆಸೆ ಉಳಿದರೆ ಕಾಯಿಲ್‌ಓವರ್ ಹಾಕಿಸಿ, ಬೇಡ ಅನ್ನುವುದಿಲ್ಲ.

ಒಂದು ಪ್ರಶ್ನೆ. ಬ್ರೇಕ್ ಜಾಸ್ತಿ ಬಳಸದೆ ಸ್ವಲ್ಪ ದೂರ ಓಡಿಸಿ ಬಂದು ನಾಲ್ಕೂ ರಿಮ್ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಸುಡಬಹುದು. ಯಾವುದು ಬಿಸಿ?

ಗೇರ್ ಗಿರಿ:
ಎಡಕ್ಕೆ ಎಳೆಯುತ್ತದೆ ಅಂದರೆ ಎಡ ಮುಂದಿನ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಕಚ್ಚಿಕೊಂಡಿದೆ. ಅದನ್ನು ಬದಲಿಸಿ, ಮುಗೀತು.

ಹಳೇಗಾಡಿ ಹೇಮಾ:
ಗಿರಿ, ಅಷ್ಟು ಬೇಗ ತೀರ್ಪು ಬೇಡ. ಯಾವ ಕಡೆ ಬ್ರೇಕ್ ಜಾಸ್ತಿ ಹಿಡಿಯುತ್ತದೋ ಆ ಕಡೆಗೆ ಗಾಡಿ ಎಳೆಯುತ್ತದೆ, ನಿಜ. ಆದರೆ ಎಡ ಜಾಸ್ತಿ ಹಿಡಿಯುತ್ತಿದೆಯೋ ಬಲ ಕಡಿಮೆ ಹಿಡಿಯುತ್ತಿದೆಯೋ? ಹೆಚ್ಚಿನ ಸಲ ಎಡಗಡೆಯದು ಸರಿಯಾಗಿಯೇ ಇರುತ್ತದೆ, ಬಲಗಡೆಯದು ಕೆಲಸ ಮಾಡುತ್ತಿರುವುದಿಲ್ಲ. ಒಳ್ಳೆಯ ಕ್ಯಾಲಿಪರ್ ಬಿಚ್ಚಿ ಬಿಸಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಪಾಪ್‌ಅಪ್ ಪ್ರೇಮಿ:
ಸಿದ್ದಣ್ಣ, ನೋಡಿ ಬಂದೆ. ಬಲ ಮುಂದಿನ ಚಕ್ರ ಚೆನ್ನಾಗಿ ಬಿಸಿ. ಉಳಿದ ಮೂರೂ ಬೆಚ್ಚಗೆ ಅಷ್ಟೇ. ತಲೆ ಕೆಟ್ಟಿತು. ಎಳೆಯುವುದು ಎಡಕ್ಕೆ, ಬಿಸಿಯಾಗುವುದು ಬಲ!

ಹಳೇಗಾಡಿ ಹೇಮಾ:
ಆಹಾ, ಹಾಗಾದರೆ ಬಲ ಮುಂದಿನ ರಬ್ಬರ್ ಹೋಸ್ ಮೇಲೆ ನನ್ನ ಅನುಮಾನ. ಹಳೇ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಪದರ ಊದಿಕೊಂಡು ದಾರಿ ಕಿರಿದಾಗುತ್ತದೆ. ಒತ್ತಿದಾಗ ಒತ್ತಡ ತಡವಾಗಿ ತಲುಪುತ್ತದೆ, ಅದಕ್ಕೇ ಮೊದಲು ಎಡ ಹಿಡಿಯುತ್ತದೆ. ಬಿಟ್ಟಾಗ ಒತ್ತಡ ವಾಪಸ್ ಬರುವುದೂ ತಡ, ಅದಕ್ಕೇ ಬಲ ಉಜ್ಜುತ್ತಾ ಬಿಸಿಯಾಗುತ್ತದೆ.

ಪತ್ತೆ ಮಾಡುವುದು ಸುಲಭ. ಗಾಡಿಯನ್ನು ಆಕ್ಸಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಬೇಡಿ. ಬ್ರೇಕ್ ಒತ್ತಿ ಬಿಡಿ. ಚಕ್ರ ಬಿಗಿಯಾಗಿದ್ದರೆ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಎಣ್ಣೆ, ಗಾಳಿ ಹೊರಗೆ ಬಿಡುವ ತಿರುಪು) ಒಂಚೂರು ಸಡಿಲಿಸಿ. ಎಣ್ಣೆ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಅಂತ ಅರ್ಥ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಗಿಯಾಗಿಯೇ ಇದ್ದರೆ ಪಿಸ್ಟನ್ನೋ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ನೋ ಕಚ್ಚಿದೆ.

ಸ್ಪ್ಯಾನರ್ ಸಿದ್ದ:
ಅಕ್ಕ ಹೇಳಿದ್ದಕ್ಕೆ ಇನ್ನೊಂದು ಮಾತು. ಒತ್ತಡ ಸಿಕ್ಕಿಕೊಂಡಿದೆ ಅಂದ ಮಾತ್ರಕ್ಕೆ ಹೋಸ್ ಅಂತ ಹೇಳಲಾಗದು. ಮತ್ತೆ ಬ್ರೇಕ್ ಒತ್ತಿ ಬಿಟ್ಟು, ಈ ಸಲ ಲೋಹದ ಪೈಪ್ ಹೋಸಿಗೆ ಸೇರುವ ಜಾಗದ ನಟ್ ಸಡಿಲಿಸಿ. ಅಲ್ಲಿ ಬಿಚ್ಚಿದರೂ ಚಕ್ರ ಬಿಗಿಯಾಗಿಯೇ ಇದ್ದು, ನಿಪ್ಪಲ್ ಬಿಚ್ಚಿದಾಗ ಮಾತ್ರ ಸಡಿಲವಾದರೆ ಹೋಸೇ ಕಳ್ಳ. ಆ ನಟ್‌ಗೆ ಸಾದಾ ಸ್ಪ್ಯಾನರ್ ಹಾಕಬೇಡಿ, ಮೂಲೆ ಉರುಟಾಗುತ್ತದೆ. ಫ್ಲೇರ್ ನಟ್ ಸ್ಪ್ಯಾನರ್ ಬೇಕು.

ಡಾಟ್ ಫೋರ್ ದೇವು:
ಬ್ರೇಕ್ ಎಣ್ಣೆ ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ. ಪಕ್ಕದಲ್ಲಿ ನೀರು ಇಟ್ಟುಕೊಳ್ಳಿ, ಬಿದ್ದ ಕೂಡಲೇ ತೊಳೆಯಿರಿ.

ಗೇರ್ ಗಿರಿ:
ಸರಿ, ಹೋಸ್ ಒಪ್ಪಿದೆ. ಆದರೆ ಪೆಡಲ್ ಕೆಳಗೆ ಹೋಗುವುದು? ಅದು ಗಾಳಿ ಸೇರಿರುವುದೇ. ಬ್ಲೀಡ್ ಮಾಡಿ.

ಸ್ಪ್ಯಾನರ್ ಸಿದ್ದ:
ಗಾಳಿ ಇದ್ದರೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿರುತ್ತದೆ. ಇವರು ಹೇಳಿದ್ದು 'ಅರ್ಧ ದೂರ ಹೋದ ಮೇಲೆ ಹಿಡಿಯುತ್ತದೆ' ಅಂತ. ಜತೆಗೆ ಹ್ಯಾಂಡ್‌ಬ್ರೇಕೂ ಇಲ್ಲ. ಈ ಗಾಡಿಯಲ್ಲಿ ಎರಡಕ್ಕೂ ಒಂದೇ ಕಾರಣ ಇರಬಹುದು: ಹಿಂದಿನ ಕ್ಯಾಲಿಪರ್ ಹೊಂದಾಣಿಕೆ. ಹ್ಯಾಂಡ್‌ಬ್ರೇಕ್ ಯಂತ್ರ ಆ ಕ್ಯಾಲಿಪರ್ ಒಳಗೇ ಇದೆ. ಪ್ಯಾಡ್ ಮತ್ತು ಡಿಸ್ಕ್ ನಡುವೆ ಜಾಗ ಜಾಸ್ತಿಯಾದರೆ ಪೆಡಲ್ ಆ ಜಾಗ ತುಂಬಿಸುವುದಕ್ಕೇ ಅರ್ಧ ದೂರ ಹೋಗುತ್ತದೆ.

ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಸಡಿಲಿಸಿ. ಕ್ಯಾಲಿಪರ್ ಹಿಂಭಾಗದಲ್ಲಿ 14 ಮಿ.ಮೀ. ತಲೆಯ ಬೋಲ್ಟ್ ಇದೆ, ಅದು ಬರೀ ಮುಚ್ಚಳ. ತೆಗೆದರೆ ಒಳಗೆ 4 ಮಿ.ಮೀ. ಆಲನ್ ಕೀ ಕೂರುವ ಸ್ಕ್ರೂ ಸಿಗುತ್ತದೆ. ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿದರೆ ಪಿಸ್ಟನ್ ಮುಂದೆ ಬರುತ್ತದೆ. ಡಿಸ್ಕ್ ಹಿಡಿಯುವವರೆಗೆ ತಿರುಗಿಸಿ, ಸುಮಾರು ಮೂರನೇ ಒಂದು ಸುತ್ತು ವಾಪಸ್ ಬನ್ನಿ. ಎರಡೂ ಕಡೆ ಮಾಡಿ, ಕೊನೆಗೆ ಕೇಬಲ್ ಬಿಗಿ ಮಾಡಿ. ಬರೀ ಕೇಬಲ್ ಎಳೆದು ಹ್ಯಾಂಡ್‌ಬ್ರೇಕ್ 'ಸರಿ ಮಾಡುವವರು' ಮೂಲ ಕಾಯಿಲೆ ಮುಚ್ಚಿಡುತ್ತಾರೆ ಅಷ್ಟೇ.

ಟರ್ಬೊ ತಮ್ಮ:
ಪಿಸ್ಟನ್ ಒಳಗೆ ತಳ್ಳುವುದಕ್ಕೆ ಜಿ-ಕ್ಲಾಂಪ್ ಸಾಕಲ್ವಾ?

ಸ್ಪ್ಯಾನರ್ ಸಿದ್ದ:
ಮುಂದೆ ಸಾಕು. ಹಿಂದೆ ಬೇಡವೇ ಬೇಡ! ಅದೇ ಆಲನ್ ಸ್ಕ್ರೂ ಉಲ್ಟಾ ತಿರುಗಿಸಿದರೆ ಪಿಸ್ಟನ್ ಒಳಗೆ ಹೋಗುತ್ತದೆ. ಜೋರು ಮಾಡಿ ಒತ್ತಿದರೆ ಒಳಗಿನ ಯಂತ್ರ ಹಾಳು.

ಡಾಟ್ ಫೋರ್ ದೇವು:
ನನ್ನ ವಿಷಯ ಬಂತು, ಸುಮ್ಮನಿರಲಾರೆ. ಆ ಎಣ್ಣೆ ಎಷ್ಟು ವರ್ಷದ್ದೋ ಯಾರಿಗೆ ಗೊತ್ತು? ಗ್ಲೈಕಾಲ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 (ಬ್ರೇಕ್ ಎಣ್ಣೆಯ ಒಂದು ದರ್ಜೆ) ಕುದಿಯುವುದಕ್ಕೆ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಸೇರಿದ ಮೇಲೆ ಅದರ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇದೇ ಲೆಕ್ಕ 205 ಮತ್ತು 140. ಉದ್ದದ ಇಳಿಜಾರಿನಲ್ಲಿ ಕ್ಯಾಲಿಪರ್ ಕಾದರೆ ಎಣ್ಣೆ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಓಡಿಸಲಿ ಬಿಡಲಿ.

ಡಾಟ್ 5 ಮಾತ್ರ ತರಬೇಡಿ. ಅದು ಸಿಲಿಕೋನ್, ಇದರ ಜತೆ ಬೆರೆಯುವುದಿಲ್ಲ. 5.1 ಗ್ಲೈಕಾಲೇ, ಅದು ಪರವಾಗಿಲ್ಲ. ಹೆಸರಿಟ್ಟವರಿಗೆ ಒಂದು ನಮಸ್ಕಾರ.

ಗೇರ್ ಗಿರಿ:
ಬ್ಲೀಡ್ ಮಾಡುವಾಗ ಒಬ್ಬರನ್ನು ಕೂರಿಸಿ ಪೆಡಲ್ ನೆಲ ಮುಟ್ಟುವವರೆಗೆ ಒತ್ತಿಸಿ, ಬೇಗ ಆಗುತ್ತದೆ.

ಹಳೇಗಾಡಿ ಹೇಮಾ:
ಹಳೇ ಗಾಡಿಯಲ್ಲಿ ಹಾಗೆ ಮಾಡಬಾರದು. ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಸೀಲ್‌ಗಳು ಇಷ್ಟು ವರ್ಷ ಮೇಲಿನ ಭಾಗದಲ್ಲೇ ಓಡಾಡಿವೆ. ಕೆಳಗಿನ ಭಾಗದಲ್ಲಿ ತುಕ್ಕು, ಕೆಸರು ಕೂತಿರುತ್ತದೆ. ನೆಲ ಮುಟ್ಟಿಸಿದರೆ ಸೀಲ್ ಅದರ ಮೇಲೆ ಉಜ್ಜಿ ಹರಿಯುತ್ತದೆ. ನೆನ್ನೆವರೆಗೆ ಚೆನ್ನಾಗಿದ್ದ ಸಿಲಿಂಡರ್ ಬ್ಲೀಡ್ ಮಾಡಿದ ಮೇಲೆ ಕೆಟ್ಟಿತು ಅನ್ನುವ ಕಥೆಗಳ ಮೂಲ ಎಷ್ಟೋ ಸಲ ಇದೇ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ.

ಗೇರ್ ಗಿರಿ:
ಇದು ಒಳ್ಳೆಯ ಮಾತು. ಮರದ ತುಂಡು, ಬರೆದಿಟ್ಟುಕೊಂಡೆ.

ಪಾಪ್‌ಅಪ್ ಪ್ರೇಮಿ:
ಫಲಿತಾಂಶ! ಪೈಪ್ ನಟ್ ಸಡಿಲಿಸಿದರೆ ಏನೂ ಆಗಲಿಲ್ಲ. ನಿಪ್ಪಲ್ ಸಡಿಲಿಸಿದ ಕೂಡಲೇ ಚಕ್ರ ತಿರುಗಿತು. ಹೇಮಕ್ಕ, ಹೋಸೇ. ಎರಡೂ ಕಡೆ ಬದಲಿಸುತ್ತೇನೆ. ಸ್ಲೈಡ್ ಪಿನ್ ಕೂಡ ಒಣಗಿ ಹೋಗಿವೆ, ಒಂದು ಹೊರಗೆ ಬರುವುದಕ್ಕೇ ಹಟ ಮಾಡಿತು. ಅದಕ್ಕೆ ಯಾವ ಗ್ರೀಸ್? ಮನೆಯಲ್ಲಿ ತಾಮ್ರದ ಗ್ರೀಸ್ ಇದೆ.

ಡಾಟ್ ಫೋರ್ ದೇವು:
ತಾಮ್ರದ ಗ್ರೀಸ್ ಪಿನ್‌ಗೆ ಬೇಡ! ಪೆಟ್ರೋಲಿಯಂ ಮೂಲದ ಗ್ರೀಸ್ ತಗುಲಿದರೆ ಬ್ರೇಕ್ ರಬ್ಬರ್ ಊದುತ್ತದೆ. ರಬ್ಬರಿಗೆ ಆಗಿಬರುವ ಸಿಲಿಕೋನ್ ಬ್ರೇಕ್ ಗ್ರೀಸ್ ತನ್ನಿ. ಹಾಗೇ ಪಿಸ್ಟನ್ ಸುತ್ತ ಇರುವ ಧೂಳಿನ ರಬ್ಬರ್ ಎತ್ತಿ ನೋಡಿ. ಪಿಸ್ಟನ್ ಮೇಲೆ ತುಕ್ಕಿನ ಚುಕ್ಕೆ ಇದ್ದರೆ ಹೊಸ ಸೀಲ್ ಹಾಕಿಯೂ ಪ್ರಯೋಜನವಿಲ್ಲ, ಪಿಸ್ಟನ್ನೂ ಬದಲಿಸಿ. ಆ ಚೌಕ ಅಂಚಿನ ಸೀಲ್ ಸೋರುವುದನ್ನು ತಡೆಯುವುದಷ್ಟೇ ಅಲ್ಲ. ಒತ್ತಿದಾಗ ತಿರುಚಿಕೊಂಡು, ಬಿಟ್ಟಾಗ ಪಿಸ್ಟನ್ನನ್ನು ಒಂಚೂರು ಹಿಂದಕ್ಕೆ ಎಳೆಯುವುದೂ ಅದೇ. ಸೀಲ್ ಗಟ್ಟಿಯಾದರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ.

ಸ್ಪ್ಯಾನರ್ ಸಿದ್ದ:
ಪಿಸ್ಟನ್ ಹೊರಗೆ ತೆಗೆಯಲು ಕಂಪ್ರೆಸರ್ ಗಾಳಿ ಬಳಸುವವರು ಮುಂದೆ ಬೆರಳು ಇಡಬೇಡಿ. ಗುಂಡಿನ ಹಾಗೆ ಹಾರುತ್ತದೆ. ಬ್ರೇಕ್ ಪೆಡಲ್ ಒತ್ತಡದಲ್ಲೇ ನಿಧಾನವಾಗಿ ತಳ್ಳಿಸುವುದು ಕ್ಷೇಮ.

ಬೆಸುಗೆ ಬಸ್ಯಾ:
ಬ್ರೇಕ್ ಕ್ಲೀನರ್ ಬಗ್ಗೆ ಯಾರೂ ಹೇಳಲಿಲ್ಲ. ಕ್ಲೋರಿನ್ ಇರುವ ಕ್ಲೀನರ್ ಹೊಡೆದ ಜಾಗಕ್ಕೆ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಅನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಬಳಸಿದ ವಿಷಾನಿಲ ಅದು. ತಮಾಷೆ ಅಲ್ಲ. ಹಳೇ ಪ್ಯಾಡಿನ ಧೂಳನ್ನೂ ಗಾಳಿ ಹೊಡೆದು ಹಾರಿಸಬೇಡಿ, ಕಲ್ನಾರು ಇರಬಹುದು. ಒದ್ದೆ ಮಾಡಿ ಒರೆಸಿ.

ಟರ್ಬೊ ತಮ್ಮ:
ಸರಿ, ಎಲ್ಲ ಕೇಳಿದೆ. ತೂತಿರುವ ಡಿಸ್ಕ್ ಆದರೂ ಹಾಕಿಕೊಳ್ಳಲಿ ಬಿಡ್ರಪ್ಪಾ.

ಹಳೇಗಾಡಿ ಹೇಮಾ:
ಯಾತಕ್ಕೆ? ಒಂದು ಟನ್ನಿಗಿಂತ ಕಡಿಮೆ ತೂಕದ ಗಾಡಿ ಅದು. ರಸ್ತೆಯಲ್ಲಿ ಸಾದಾ ಡಿಸ್ಕ್ ಧಾರಾಳ ಸಾಕು. ತೂತಿನ ಅಂಚಿನಿಂದ ಬಿರುಕು ಶುರುವಾಗುತ್ತದೆ, ಅದೊಂದೇ ಲಾಭ.

ಗೇರ್ ಗಿರಿ:
ಇದೇ ಗಾಡಿಯ 1.8 ಎಂಜಿನ್ ಮಾದರಿಯ ಡಿಸ್ಕ್ ಹಾಕುವುದು ಅದಕ್ಕಿಂತ ಜಾಣತನ. 1.6ರಲ್ಲಿ ಮುಂದಿನ ಡಿಸ್ಕ್ 235 ಮಿ.ಮೀ., 1.8ರಲ್ಲಿ 255. ಹಿಂದೆ 231 ಇದ್ದದ್ದು 251 ಆಯಿತು. ಬ್ರಾಕೆಟ್ ಸಮೇತ ಹಾಕಿಕೊಳ್ಳುವವರು ತುಂಬ ಜನ ಇದ್ದಾರೆ. ಆದರೆ ಮುಂದೆ ಮಾತ್ರ ಹಾಕಿ ಹಿಂದೆ ಹಾಗೇ ಬಿಟ್ಟರೆ ಬ್ರೇಕ್ ಭಾರ ಮುಂದಕ್ಕೆ ವಾಲುತ್ತದೆ. ಹಾಕಿದರೆ ನಾಲ್ಕೂ ಹಾಕಿ.

ಸ್ಪ್ಯಾನರ್ ಸಿದ್ದ:
ಗಿರಿ ಹೇಳಿದ್ದು ಸರಿ. ಆದರೂ ಈಗ ಬೇಡ. ಡಿಸ್ಕ್ ಯಾವುದೇ ಹಾಕಲಿ, ಹಬ್ ಮುಖದ (ಡಿಸ್ಕ್ ಕೂರುವ ಜಾಗದ) ತುಕ್ಕು ತಂತಿ ಬ್ರಷ್‌ನಿಂದ ಪೂರ್ತಿ ತೆಗೆಯಿರಿ. 'ಡಿಸ್ಕ್ ಸೊಟ್ಟಗಾಗಿದೆ' ಅಂತ ಹೇಳುವ ನಡುಕದಲ್ಲಿ ಬಹಳಷ್ಟು ಸೊಟ್ಟವೇ ಅಲ್ಲ. ಹಬ್ ಮೇಲೆ ತುಕ್ಕಿನ ಚಕ್ಕೆ ಸಿಕ್ಕಿ ಡಿಸ್ಕ್ ಓರೆಯಾಗಿ ಕೂತಿರುತ್ತದೆ, ಇಲ್ಲವೇ ಪ್ಯಾಡಿನ ವಸ್ತು ಒಂದೇ ಸಮ ಅಂಟಿರುವುದಿಲ್ಲ. ಹೊಸ ಪ್ಯಾಡ್ ಹಾಕಿದ ಮೇಲೆ ಮಧ್ಯಮ ವೇಗದಿಂದ ಪೂರ್ತಿ ನಿಲ್ಲಿಸದೆ ಹಲವು ಸಲ ನಿಧಾನ ಮಾಡಿ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಕಾದ ಬ್ರೇಕನ್ನು ಒತ್ತಿಕೊಂಡೇ ನಿಂತರೆ ಆ ಜಾಗದಲ್ಲೇ ಅಂಟುತ್ತದೆ.

ಎಲಾನ್ ಎಂಕ:
ವಿಷಯಾಂತರಕ್ಕೆ ಕ್ಷಮೆ ಇರಲಿ. ಪಾಪ್‌ಅಪ್ ದೀಪ ಏಳುತ್ತದೆಯಾ? ಎರಡೂ ಒಟ್ಟಿಗೆ?

ಪಾಪ್‌ಅಪ್ ಪ್ರೇಮಿ:
ಎಡಗಡೆಯದು ಸ್ವಲ್ಪ ಸೋಮಾರಿ. ಕಣ್ಣು ಹೊಡೆದ ಹಾಗೆ ಕಾಣುತ್ತದೆ. ಅದನ್ನು ಸರಿ ಮಾಡುವ ಮನಸ್ಸೇ ಇಲ್ಲ.

ಎಲಾನ್ ಎಂಕ:
ಬಿಡಬೇಡಿ ಮಾರಾಯ್ರೆ, ಅದೇ ಗಾಡಿಯ ಲಕ್ಷಣ. 1989ರಲ್ಲಿ ಷಿಕಾಗೊ ಆಟೊ ಶೋದಲ್ಲಿ ಬಂದಾಗ ಎಲ್ಲರೂ ಹೇಳಿದ್ದು ಇದು ಬ್ರಿಟಿಷ್ ಸ್ಪೋರ್ಟ್ಸ್ ಕಾರು 1962ರ ಲೋಟಸ್ ಎಲಾನ್ ಮತ್ತೆ ಹುಟ್ಟಿದೆ ಅಂತಲೇ. ಎಲಾನ್‌ಗೂ ಎದ್ದೇಳುವ ದೀಪವೇ ಇತ್ತು. ಎರಡನೇ ತಲೆಮಾರಿಗೆ ಬಂದಾಗ ಮಜ್ದಾದವರು ಅದನ್ನು ತೆಗೆದೇಬಿಟ್ಟರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಡಾಟ್ ಫೋರ್ ದೇವು:
ಎಂಕಣ್ಣ, ಎಲಾನ್ ಎಣ್ಣೆ ಸೋರದ ದಿನ ಯಾವುದಾದರೂ ಇತ್ತಾ?

ಎಲಾನ್ ಎಂಕ:
ಸೋರುತ್ತಿದ್ದರೆ ಒಳಗೆ ಎಣ್ಣೆ ಇದೆ ಅಂತ ಖಾತರಿ.

ಸ್ಪ್ಯಾನರ್ ಸಿದ್ದ:
ವಾಪಸ್ ಬನ್ನಿ. ಆ 'ಟಕ್' ಶಬ್ದ. ಪ್ರೇಮಿ ಅವರೇ, ಶಾಕ್ ಆರ್ಡರ್ ಮಾಡುವ ಮುಂಚೆ ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸರಳು) ಲಿಂಕ್ ಕೈಯಲ್ಲಿ ಅಲ್ಲಾಡಿಸಿ. ಬಾಲ್ ಜಾಯಿಂಟ್ ಕೆಳಗೆ ಪ್ರೈ ಬಾರ್ ಹಾಕಿ ಎತ್ತಿ ನೋಡಿ. ಶಾಕ್ ರಾಡ್ ಮೇಲಿನ ರಬ್ಬರ್ ಸರಿಸಿ ಶಾಕ್ ತಳ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ಉಳಿದಿದೆಯಾ ನೋಡಿ. ಈ ವಯಸ್ಸಿಗೆ ಎಷ್ಟೋ ಗಾಡಿಯಲ್ಲಿ ಅದು ಪುಡಿ ಪುಡಿ.

ಗೇರ್ ಗಿರಿ:
ಬಾನೆಟ್ ಮೂಲೆ ಒತ್ತಿ ಬಿಟ್ಟರೆ ಶಾಕ್ ಗೊತ್ತಾಗುತ್ತದೆ.

ಹಳೇಗಾಡಿ ಹೇಮಾ:
ಪೂರ್ತಿ ಸತ್ತ ಶಾಕ್ ಮಾತ್ರ ಗೊತ್ತಾಗುತ್ತದೆ. ಅರ್ಧ ಹೋದದ್ದು ಆ ಪರೀಕ್ಷೆಯಲ್ಲಿ ಆರಾಮಾಗಿ ಪಾಸ್. ಕೈ ಒತ್ತುವ ವೇಗವೇ ಬೇರೆ, ಹಳ್ಳ ಹೊಡೆಯುವ ವೇಗವೇ ಬೇರೆ.

ಪಾಪ್‌ಅಪ್ ಪ್ರೇಮಿ:
ನೋಡಿದೆ. ಎರಡೂ ಮುಂದಿನ ಲಿಂಕ್ ಲಟಲಟ ಅನ್ನುತ್ತಿವೆ. ಬಂಪ್ ಸ್ಟಾಪ್ ಮುಟ್ಟಿದರೆ ಹಳದಿ ಪುಡಿ ಉದುರಿತು. ಹಿಂದಿನ ಒಂದು ಶಾಕ್ ಎಣ್ಣೆಯಲ್ಲಿ ನೆನೆದಿದೆ. ಹಾಗಾದರೆ ಶಾಕ್ ನಾಲ್ಕೂ ಬದಲಿಸುವುದೇ ತಾನೇ? ಬುಷ್‌ಗಳೂ ಬಿರುಕು ಬಿಟ್ಟಿವೆ. ಪಾಲಿ ಹಾಕಲಾ?

ಸ್ಪ್ಯಾನರ್ ಸಿದ್ದ:
ಶಾಕ್ ಬದಲಿಸಿ. ಒಳ್ಳೆಯ ಸಾದಾ ಶಾಕ್, ಹೊಸ ಬಂಪ್ ಸ್ಟಾಪ್. ಸ್ಪ್ರಿಂಗ್ ಕುಸಿದಿಲ್ಲದಿದ್ದರೆ ಅದೇ ಇರಲಿ. ಹಬ್ ನಡುವಿನಿಂದ ಫೆಂಡರ್ ಅಂಚಿಗೆ ಅಳೆದು ಎಡ-ಬಲ ಹೋಲಿಸಿ. ಸ್ಪ್ರಿಂಗ್ ಕಂಪ್ರೆಸರ್ ಬಳಸುವಾಗ ಎರಡೂ ಕೊಕ್ಕೆ ಎದುರುಬದುರು ಇರಲಿ, ಸ್ಪ್ರಿಂಗ್ ತುದಿ ಮುಖದ ಕಡೆ ಬೇಡ.

ಬುಷ್ ವಿಷಯಕ್ಕೆ ನಾನು ರಬ್ಬರ್ ಪಕ್ಷ. ಪಾಲಿ ಗಟ್ಟಿ, ಆದರೆ ಒಳಗೆ ಉಜ್ಜಿಕೊಂಡು ತಿರುಗುತ್ತದೆ. ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ, ಸಸ್ಪೆನ್ಷನ್ ಸಣ್ಣ ಅಲುಗಾಟಕ್ಕೆ ಜಗ್ಗುವುದಿಲ್ಲ.

ಟರ್ಬೊ ತಮ್ಮ:
ಸಿದ್ದಣ್ಣ, ಇದನ್ನು ನಾನು ಒಪ್ಪಲ್ಲ. ಪಾಲಿ ಹಾಕಿದ ಗಾಡಿ ಓಡಿಸಿದ್ದೇನೆ. ಸ್ಟೀರಿಂಗ್ ಮಾತಾಡುತ್ತದೆ. ಹಾಕುವುದೂ ಸುಲಭ, ಪ್ರೆಸ್ ಬೇಡ, ಕೈಯಲ್ಲೇ ಕೂರುತ್ತದೆ. ರಬ್ಬರ್ ಕೂರಿಸಲು ಪ್ರೆಸ್ ಬೇಕೇ ಬೇಕು.

ಸ್ಪ್ಯಾನರ್ ಸಿದ್ದ:
ಹಾಕುವುದು ಸುಲಭ, ಅದನ್ನು ಒಪ್ಪಿದೆ. ಕೂರಿಸಿದ ದಿನ ಗ್ರೀಸ್ ಸರಿಯಾಗಿ ಹಚ್ಚಿದವರ ಗಾಡಿ ಚೆನ್ನಾಗಿಯೇ ಓಡುತ್ತದೆ. ನಮ್ಮಲ್ಲಿ ಎಷ್ಟು ಜನ ಅಷ್ಟು ತಾಳ್ಮೆಯವರು?

ಹಳೇಗಾಡಿ ಹೇಮಾ:
ಯಾವುದೇ ಹಾಕಲಿ, ರಬ್ಬರ್ ಹಾಕುವವರು ಇದೊಂದನ್ನು ಮರೆಯಬಾರದು. ಗಾಡಿ ತೂಗಾಡುತ್ತಿರುವಾಗ ಆರ್ಮ್ (ಚಕ್ರವನ್ನು ಗಾಡಿಗೆ ಜೋಡಿಸುವ ತೋಳು) ಬೋಲ್ಟ್ ಪೂರ್ತಿ ಬಿಗಿ ಮಾಡಬೇಡಿ. ರಬ್ಬರ್ ಒಳಗಿನ, ಹೊರಗಿನ ಎರಡೂ ಕೊಳವೆಗೆ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಯಾದಾಗ ಒಳಗಿನ ಕೊಳವೆ ಅಲ್ಲೇ ಲಾಕ್. ಆಮೇಲೆ ಆರ್ಮ್ ಮೇಲೆ ಕೆಳಗೆ ಹೋದಾಗ ತಿರುಚುವುದು ರಬ್ಬರೇ. ಚಕ್ರ ಕೆಳಗೆ ಜೋತುಬಿದ್ದಾಗ ಬಿಗಿ ಮಾಡಿದರೆ, ಗಾಡಿ ನೆಲದ ಮೇಲೆ ಸುಮ್ನೆ ನಿಂತಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಗಾಡಿ ಎತ್ತರ ಕೂರುತ್ತದೆ, ಹೊಸ ಬುಷ್ ಬೇಗ ಹರಿಯುತ್ತದೆ. ಬೋಲ್ಟ್ ಸಡಿಲವಾಗಿ ಹಾಕಿ, ಚಕ್ರದ ಮೇಲೆ ಪೂರ್ತಿ ಭಾರ ಬಿಡಿ, ಆಮೇಲೆ ಟಾರ್ಕ್ ಮಾಡಿ. ಶಾಕ್ ತೆಗೆಯಲು ಮೇಲಿನ ಆರ್ಮಿನ ಉದ್ದ ಬೋಲ್ಟ್ ಬಿಚ್ಚುವವರಿಗೂ ಇದೇ ನಿಯಮ.

ಒಂದು ಹೆಸರಾಂತ ಗ್ಯಾರೇಜಿನಲ್ಲೇ ನನ್ನ ಗಾಡಿಗೆ ಲಿಫ್ಟ್ ಮೇಲೆ ಎತ್ತಿದಂತೆಯೇ ಎಲ್ಲ ಬಿಗಿ ಮಾಡಿ ಕಳಿಸಿದ್ದರು. ಕೇಳಿದರೆ 'ಎಲ್ಲರೂ ಹೀಗೇ ಮಾಡುವುದು ಮೇಡಂ' ಅಂದರು.

ಬೆಸುಗೆ ಬಸ್ಯಾ:
ಬಿಗಿ ಮಾಡುವ ಮಾತು ಆಮೇಲೆ. ಬಿಚ್ಚುವುದು ಹೇಗೆ? ಚಕ್ರದ ಕೋನ ಹೊಂದಿಸುವ, ಕೆಳಗಿನ ಆರ್ಮಿನ ಅಲೈನ್‌ಮೆಂಟ್ ಕ್ಯಾಮ್ ಬೋಲ್ಟ್ ಬುಷ್ ಕೊಳವೆಗೆ ತುಕ್ಕಿನಿಂದ ವೆಲ್ಡ್ ಆಗಿರುತ್ತದೆ. ಎರಡು ದಿನ ಮುಂಚೆಯೇ ತುಕ್ಕು ಸಡಿಲಿಸುವ ಎಣ್ಣೆ ಹೊಡೆಯಿರಿ. ಸಡಿಲಿಸುವ ಮುಂಚೆ ಕ್ಯಾಮ್ ಇರುವ ಜಾಗಕ್ಕೆ ಪೇಂಟ್ ಗುರುತು ಹಾಕಿ. ಬರದಿದ್ದರೆ ಕಾಯಿಸಿ, ಆದರೆ ರಬ್ಬರ್ ಹೊತ್ತಿಕೊಳ್ಳುತ್ತದೆ, ನಾತ ತಡೆಯಲಾಗದು. ಅದಕ್ಕೂ ಬರದಿದ್ದರೆ ಗರಗಸವೇ ಗತಿ. ಹೊಸ ಕ್ಯಾಮ್ ಬೋಲ್ಟ್ ಮೊದಲೇ ತರಿಸಿಟ್ಟುಕೊಳ್ಳಿ.

ಡಾಟ್ ಫೋರ್ ದೇವು:
ಯಾರೂ ಟೈರ್ ಕೇಳಲೇ ಇಲ್ಲ! ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ಏನಿದೆ ಪ್ರೇಮಿ? 2318 ಅಂತಿದ್ದರೆ 2018ರ 23ನೇ ವಾರ.

ಪಾಪ್‌ಅಪ್ ಪ್ರೇಮಿ:
0909.

ಡಾಟ್ ಫೋರ್ ದೇವು:
ಅಯ್ಯೋ ದೇವರೇ.

ಸ್ಪ್ಯಾನರ್ ಸಿದ್ದ:
ಪಟ್ಟಿ ತಿರುಗಿಸಿ ಬರೆಯಿರಿ. ಟೈರ್ ಮೊದಲು. 2009ರ ರಬ್ಬರ್ ಕಲ್ಲಾಗಿರುತ್ತದೆ. ಅದರ ಮೇಲೆ ಎಂಥ ಶಾಕ್ ಹಾಕಿದರೂ, ಎಂಥ ಪ್ಯಾಡ್ ಹಾಕಿದರೂ ಗಾಡಿ ಜಾರುತ್ತದೆ.

ಟರ್ಬೊ ತಮ್ಮ:
ಇದಕ್ಕೆ ಮಾತ್ರ ನನ್ನ ವಿರೋಧ ಇಲ್ಲ. ಕಾಯಿಲ್‌ಓವರ್ ದುಡ್ಡು ಟೈರಿಗೆ ಹೋಗಲಿ.

ಪಾಪ್‌ಅಪ್ ಪ್ರೇಮಿ:
ಸ್ವಲ್ಪ ದಿನದ ಮೇಲೆ ಬಂದೆ. ಹೊಸ ಟೈರ್ ಬಂತು. ಮುಂದೆ ಹಿಂದೆ ಎಲ್ಲ ಹೋಸ್, ಎಣ್ಣೆ, ಪ್ಯಾಡ್, ಸಾದಾ ಡಿಸ್ಕ್ ಹೊಸದು. ಹಿಂದಿನ ಕ್ಯಾಲಿಪರ್ ಸಿದ್ದಣ್ಣ ಹೇಳಿದಂತೆ ಹೊಂದಿಸಿದೆ. ಪೆಡಲ್ ಈಗ ಮೇಲೆಯೇ ಹಿಡಿಯುತ್ತದೆ, ಹ್ಯಾಂಡ್‌ಬ್ರೇಕ್ ಇಳಿಜಾರಿನಲ್ಲಿ ನಿಲ್ಲಿಸುತ್ತದೆ, ಎಳೆತ ಹೋಯಿತು. ಲಿಂಕ್, ಶಾಕ್, ಬಂಪ್ ಸ್ಟಾಪ್ ಆಯಿತು. ಬುಷ್ ರಬ್ಬರೇ ತರಿಸಿದ್ದೇನೆ, ಕ್ಯಾಮ್ ಬೋಲ್ಟ್ ಇನ್ನೂ ಹೊರಗೆ ಬಂದಿಲ್ಲ. ಬಸಣ್ಣ, ಎಣ್ಣೆ ಕುಡಿಸುತ್ತಲೇ ಇದ್ದೇನೆ.

ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟ್‌ಗೆ ಏನು ಹೇಳಲಿ?

ಗೇರ್ ಗಿರಿ:
ರಸ್ತೆಗಾದರೆ ಹಿಂದಿನ ನೆಗೆಟಿವ್ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲುವುದು) ಮುಂದಿಗಿಂತ ಅರ್ಧ ಡಿಗ್ರಿ ಜಾಸ್ತಿ ಇರಲಿ, ಹಿಂದೆ ಸ್ವಲ್ಪ ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವುದು). ಹಗುರ ಗಾಡಿ, ಹಾಗಾಗಿ ಅಳೆಯುವಾಗ ಚಾಲಕರ ಸೀಟಿನಲ್ಲಿ ನಿಮ್ಮ ತೂಕದಷ್ಟು ಭಾರ ಇಡಿಸಿ. ಬುಷ್ ಹಾಕುವ ಮುಂಚೆ ಮಾತ್ರ ಮಾಡಿಸಬೇಡಿ, ಮತ್ತೆ ಮಾಡಿಸಬೇಕಾಗುತ್ತದೆ.

ಪಾಪ್‌ಅಪ್ ಪ್ರೇಮಿ:
ಕೊನೆಯ ಪ್ರಶ್ನೆ. ಮುಂದಿನ ಮೇಲಿನ ಬಾಲ್ ಜಾಯಿಂಟ್ ರಬ್ಬರ್ ಹರಿದಿದೆ. ಜಾಯಿಂಟ್ ಮಾತ್ರ ಸಿಗುತ್ತದಾ?

ಹಳೇಗಾಡಿ ಹೇಮಾ:
ಮೇಲಿನದು ಆರ್ಮ್ ಜತೆಗೇ ಬರುತ್ತದೆ. ಕೆಳಗಿನದು ಮಾತ್ರ ಬೋಲ್ಟ್ ಬಿಚ್ಚಿ ಬದಲಿಸಬಹುದು. ಜಾಯಿಂಟ್ ಆಟ ಆಡದಿದ್ದರೆ ಹೊಸ ರಬ್ಬರ್ ಬೂಟ್, ತಾಜಾ ಗ್ರೀಸ್ ಸಾಕು. ಮರಳು ಒಳಗೆ ಹೋಗಿ ಕರಕರ ಅನ್ನುತ್ತಿದ್ದರೆ ಆರ್ಮ್ ಪೂರ್ತಿ ತನ್ನಿ. ಈಗ ಬುಷ್‌ಗೆ ಅಂತ ಹೇಗೂ ಬಿಚ್ಚುತ್ತೀರಿ, ಕೈಯಲ್ಲಿ ತಿರುಗಿಸಿ ನೋಡಿ ಹೇಳಿ.